ಈ ಮಂತ್ರಿ ಇರುವ ತನಕ

ಆ ದೇಶದಲ್ಲಿ ಮಂತ್ರಿಯನ್ನು ತೆಗೆಯುವಾಗ ಕಾರಣ ಹೇಳುವುದಿಲ್ಲ. ಸರ್ಕಾರಿ ಸುದ್ದಿಯಲ್ಲಿ ರಾಜನ ಹೆಸರಿನಲ್ಲಿ ಒಂದು ಆಜ್ಞೆ ಬರುತ್ತದೆ. ಇಂಥವರನ್ನು ಇಂಥ ಖಾತೆಯಿಂದ ಬಿಡುಗಡೆ ಮಾಡಲಾಗಿದೆ, ಇದು ಕೂಡಲೇ ಜಾರಿಗೆ ಬರತಕ್ಕದ್ದು, ಅಷ್ಟೇ. ರಾಜೀನಾಮೆ ಇಲ್ಲ, ಪತ್ರಿಕಾಗೋಷ್ಠಿ ಇಲ್ಲ, ಬೆಂಬಲಿಗರು ರಸ್ತೆಯಲ್ಲಿ ಟೈರ್ ಸುಡುವುದಿಲ್ಲ. ಟೆಕ್ಸಸ್‌ನ ಕಾಪೆಲ್ ಊರಿನ ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತು ನಾನು ವರ್ಷಗಟ್ಟಲೆ ಆ ಆಜ್ಞೆಗಳನ್ನು ಓದಿದ್ದೇನೆ. ಡಲ್ಲಾಸ್‌ನ ಆಸ್ಪತ್ರೆಯೊಂದರಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಗಂಟಿನ ಚೂರು ಒಳ್ಳೆಯದೋ ಕೆಟ್ಟದೋ ಎಂದು ಬರೆದುಕೊಡುವ ಪೆಥಾಲಜಿಸ್ಟ್ ನಾನು. ಕೊಲ್ಲಿಯ ಒಂದು ಪುಟ್ಟ ರಾಜ್ಯದಲ್ಲಿ ಯಾರು ಮಂತ್ರಿಯಾದರೆ ನನಗೇನು ಎಂದು ಕೇಳಬಹುದು. ನನ್ನ ತಮ್ಮ ಅಲ್ಲಿದ್ದ. ಅವನ ಮಗಳು ನನ್ನ ಮನೆಯಲ್ಲಿದ್ದಳು.

ತಮ್ಮ ಮೊದಲು ಇಲ್ಲೇ ಇದ್ದವನು. ಹ್ಯೂಸ್ಟನ್‌ನ ಪಶ್ಚಿಮಕ್ಕೆ ಕೇಟಿಯಲ್ಲಿ ಮನೆ ಮಾಡಿಕೊಂಡು, ದಿನಾ ಐ-ಟೆನ್ ಹೆದ್ದಾರಿಯ ಟ್ರಾಫಿಕ್ಕನ್ನು ಬೈದುಕೊಂಡು ಆಫೀಸಿಗೆ ಹೋಗುತ್ತಿದ್ದ. ಹುಡುಗಿ ಹುಟ್ಟಿದ್ದೂ ಅಲ್ಲೇ. ಅವನ ಕೆಲಸ ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಸ್ಥಾವರಗಳದ್ದು. ಹ್ಯೂಸ್ಟನ್‌ನಲ್ಲಿ ಕೂತು ಅದರ ನಕ್ಷೆ ಬರೆಯಬಹುದಿತ್ತು, ನೀರು ಕುಡಿಯುವವರನ್ನು ನೋಡುವ ಹಾಗಿರಲಿಲ್ಲ. ಹಾಗಾಗಿ ಆ ರಾಜ್ಯದಿಂದ ಕರೆ ಬಂದಾಗ ಹೆಂಡತಿ, ಮಗಳನ್ನು ಕರೆದುಕೊಂಡು ಹೊರಟುಬಿಟ್ಟ. ಅಲ್ಲಿಗೆ ಹೋದ ಕೆಲವು ವರ್ಷಕ್ಕೆ ಅವನ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡಳು. ಹುಡುಗಿ ಆಗಿನ್ನೂ ಎಂಟನೆಯ ಕ್ಲಾಸು. ಅವಳ ಕೈ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದ.

"ಒಂದು ವರ್ಷ ನೋಡ್ಕೋ ಅಕ್ಕ. ಕಾಪೆಲ್ ಸ್ಕೂಲ್ ಚೆನ್ನಾಗಿದೆ ಅಂತಾರೆ. ಈ ಪ್ಲಾಂಟ್ ಮುಗಿದ ತಕ್ಷಣ ನಾನೂ ಬಂದ್ಬಿಡ್ತೀನಿ" ಎಂದ.

ಆ ಪ್ಲಾಂಟ್ ಮುಗಿಯಿತು. ಇನ್ನೊಂದು ಶುರುವಾಯಿತು. ಅದೂ ಮುಗಿಯುವ ಹೊತ್ತಿಗೆ ಅಲ್ಲಿನ ನೀರಿನ ಮಂತ್ರಿ ಇವನನ್ನು ತನ್ನ ಸಲಹೆಗಾರನಾಗಿ ಇಟ್ಟುಕೊಂಡ. ಮಂತ್ರಿ ಎಂದರೆ ರಾಜನ ದೊಡ್ಡಪ್ಪನ ಮಗ, ಕನ್ನಡಕದ ಗಂಭೀರ ಮನುಷ್ಯ. ಆ ಬೇಸಿಗೆ ತಮ್ಮ ರಜೆಗೆ ಬಂದಾಗ ಊಟದ ಮೇಜಿನ ಮುಂದೆ ಹುಡುಗಿ ನೇರವಾಗಿ ಕೇಳಿದಳು, ಯಾವಾಗ ಬರ್ತೀರಾ ಅಪ್ಪ ಎಂದು. ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ:

"ಈ ಮಂತ್ರಿ ಇರೋ ತನಕ ಬಿಟ್ಟು ಬರೋಕಾಗಲ್ಲ ಪುಟ್ಟಿ. ನನ್ನ ನಂಬಿದಾರೆ. ಅವರು ಹೋದ ದಿನ ನಾನೂ ಹೊರಟೆ ಅನ್ಕೋ."

ದೊಡ್ಡವರು ಹೀಗೆ ಏನೇನೋ ಹೇಳುತ್ತಾರೆ. ನಾನಂತೂ ಅದನ್ನು ಅಲ್ಲೇ ಬಿಟ್ಟು ಮಜ್ಜಿಗೆ ಬಡಿಸಿದೆ. ಹುಡುಗಿ ಬಿಡಲಿಲ್ಲ. ಅಂದಿನಿಂದ ಅವಳಿಗೆ ಆ ಮಂತ್ರಿ ಮನೆಯ ಮನುಷ್ಯನಾದ. ಅವಳ ವಯಸ್ಸಿನವರು ಹಾಡುಗಾರರ, ಆಟಗಾರರ ಚಿತ್ರ ನೋಡಿದರೆ ಇವಳು ಆ ಸರ್ಕಾರದ ಇಂಗ್ಲಿಷ್ ಸುದ್ದಿಪುಟ ತೆರೆದು ಮಂತ್ರಿಯ ಚಿತ್ರ ನೋಡುತ್ತಿದ್ದಳು. ರಾಜನ ಪಕ್ಕದಲ್ಲಿ ನಿಂತಿದ್ದಾನೋ, ಹಿಂದಿನ ಸಾಲಿಗೆ ಹೋಗಿದ್ದಾನೋ. ಹೋದ ತಿಂಗಳಿಗಿಂತ ಸೊರಗಿದ್ದಾನೋ ಇಲ್ಲವೋ.

"ಹೀ ಲುಕ್ಸ್ ಟಯರ್ಡ್ ಅತ್ತೆ, ಅಲ್ವಾ?" ಎಂದು ಫೋನು ನನ್ನ ಮುಖಕ್ಕೆ ಹಿಡಿಯುತ್ತಿದ್ದಳು. ಆ ದನಿಯಲ್ಲಿದ್ದ ಆಸೆ ಕೇಳಿ ನನಗೆ ನಗುವೂ ಬರುತ್ತಿತ್ತು, ಪಾಪ ಎಂದೂ ಅನಿಸುತ್ತಿತ್ತು. ಒಂದು ಸಲ ಈದ್ ದಿನ ರಾಜನಿಗೆ ಶುಭಾಶಯ ಹೇಳುವವರ ಚಿತ್ರದಲ್ಲಿ ಮಂತ್ರಿ ಕಾಣಲಿಲ್ಲ. ಇವಳು ಯಾರಿಗೂ ಹೇಳದೆ, ಅಪ್ಪ ಬರುತ್ತಾರೆಂದು ಮೇಲಿನ ಕೋಣೆ ವ್ಯಾಕ್ಯೂಮ್ ಮಾಡಿ, ಹಾಸಿಗೆಗೆ ಹೊಸ ಹೊದಿಕೆ ಹಾಕಿದಳು. ವಾರದ ನಂತರ ಗೊತ್ತಾಯಿತು, ಮಂತ್ರಿಗೆ ನೆಗಡಿಯಾಗಿತ್ತಂತೆ.

ಹೀಗೆ ಅವಳ ಹೈಸ್ಕೂಲು ಮುಗಿಯಿತು, ಆಸ್ಟಿನ್‌ನಲ್ಲಿ ಕಾಲೇಜೂ ಮುಗಿಯಿತು. ಅಲ್ಲೇ ಕೆಲಸ ಸಿಕ್ಕಿತು. ಇಪ್ಪತ್ತೊಂದು ದಾಟಿದ ಅಮೆರಿಕನ್ ಪ್ರಜೆಯಾದ್ದರಿಂದ ಅಪ್ಪನಿಗೆ ತಾನೇ ಗ್ರೀನ್ ಕಾರ್ಡ್‌ಗೆ ಹಾಕಬಹುದು ಎಂದೂ ವಕೀಲರನ್ನು ಕೇಳಿಟ್ಟುಕೊಂಡಿದ್ದಳು. ಉಳಿದಿದ್ದು ಆ ಒಬ್ಬ ಮಂತ್ರಿ.

ಆ ಭಾನುವಾರ ನಮ್ಮ ಮನೆಯಲ್ಲಿ ಊಟಕ್ಕೆ ಜನ ಸೇರಿದ್ದರು. ಬಿಸಿಬೇಳೆಬಾತ್ ಮುಗಿದು ಗಂಡಸರು ಸೋಫಾದಲ್ಲಿ ಒರಗಿದ್ದರು. ಫೋನು ಬಂತು. ಆಸ್ಟಿನ್‌ನಿಂದ ಹುಡುಗಿ. ಏನೋ ಅನಾಹುತವಾಗಿದೆ ಎನ್ನುವಂತೆ ಕಿರುಚುತ್ತಿದ್ದಳು.

"ಅತ್ತೆ, ಅವ್ರು ಹೋದ್ರು! ರಾಯಲ್ ಆರ್ಡರ್ ಬಂದಿದೆ! ಅವ್ರನ್ನ ತೆಗೆದುಬಿಟ್ರು!"

ನಾನು ಸೌಟು ಹಿಡಿದುಕೊಂಡೇ ಹೊರಗೆ ಓಡಿ ಪ್ಯಾಟಿಯೋದಲ್ಲಿ ನಿಂತೆ. ಸಂಪುಟ ಪುನಾರಚನೆ. ಕೆಲವು ಮಂತ್ರಿಗಳಿಗೆ ಖಾತೆ ಬದಲಾಗಿತ್ತು, ಕೆಲವರನ್ನು ಬಿಡುಗಡೆ ಮಾಡಿದ್ದರು. ಬಿಡುಗಡೆಯಾದವರಲ್ಲಿ ಮೊದಲ ಹೆಸರು ನಮ್ಮ ಮಂತ್ರಿಯದ್ದೇ. ಅವನ ಜಾಗಕ್ಕೆ ಯಾರು ಎಂದು ಇನ್ನೂ ಹೇಳಿರಲಿಲ್ಲ. ಹುಡುಗಿ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ತಾಯಿಯ ಜಾಗದಲ್ಲಿ ನಿಂತು ನಿಂತು ನನಗೂ ಸಾಕಾಗಿತ್ತು. ಅವನು ಬಂದು ತನ್ನ ಜಾಗದಲ್ಲಿ ತಾನು ನಿಲ್ಲಲಿ ಎಂದು ನನಗೂ ಇತ್ತು.

ಒಳಗೆ ಬಂದು ಸುದ್ದಿ ಹೇಳಿದ್ದೇ ತಪ್ಪಾಯಿತು. ಟೆಕ್ಸಸ್‌ಗೆ ಬಂದು ಎಷ್ಟೇ ವರ್ಷವಾಗಲಿ, ನಮ್ಮವರ ತಲೆಯೊಳಗೆ ವಿಧಾನಸೌಧ ಹಾಗೇ ಇರುತ್ತದೆ. ಎಲ್ಲರೂ ಎದ್ದು ಕೂತರು.

"ಆ ಖಾತೆ ಯಾವ ಬಣಕ್ಕೆ ಹೋಗುತ್ತೆ ಅನ್ನೋದು ಮುಖ್ಯ" ಎಂದರು ಒಬ್ಬರು.

"ಅತೃಪ್ತರು ಸುಮ್ನೆ ಇರ್ತಾರಾ? ರೆಸಾರ್ಟ್‌ಗೆ ಹೋಗ್ತಾರೆ ನೋಡಿ" ಎಂದರು ಇನ್ನೊಬ್ಬರು.

"ಸ್ವಾಮಿ, ಅಲ್ಲಿ ಎಲ್ಲರೂ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಯಾವ ರೆಸಾರ್ಟ್‌ಗೆ ಹೋಗ್ತಾರೆ? ರೆಸಾರ್ಟೂ ಅವರದ್ದೇ" ಎಂದೆ. ನಗು ಎದ್ದಿತು. ನನ್ನ ಗಂಡ ಮಾತ್ರ ನನ್ನ ಮುಖ ನೋಡಿ ನಗಲಿಲ್ಲ. ಹೋಗುವಾಗ ಒಬ್ಬೊಬ್ಬರೂ ಬಾಗಿಲ ಬಳಿ ದನಿ ತಗ್ಗಿಸಿ, ಪಾಪ, ಈ ವಯಸ್ಸಿನಲ್ಲಿ ಕೆಲಸ ಹೋಗೋದು ಕಷ್ಟ, ಧೈರ್ಯ ಹೇಳಿ ಎಂದರು. ಯಾರಿಗೂ ಏನೂ ತಿಳಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಹೂಂ ಹೂಂ ಎಂದು ಡಬ್ಬಿಗೆ ಬಾತ್ ತುಂಬಿ ಕೊಟ್ಟು ಕಳಿಸಿದೆ.

ತಮ್ಮನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ರಾತ್ರಿ ಒಂದು ಮೆಸೇಜ್ ಬಂತು, "ಬ್ಯುಸಿ ಅಕ್ಕ. ಆಮೇಲೆ ಮಾತಾಡ್ತೀನಿ." ಮೆಸೇಜ್ ಬಂದಮೇಲೆ ಮನಸ್ಸು ನೆಲೆಯಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಂಥ ಕಡೆ ಮಂತ್ರಿಯನ್ನು ತೆಗೆದಾಗ ಅವನ ಸುತ್ತ ಇದ್ದವರನ್ನೂ ಕೂರಿಸಿ ವಿಚಾರಿಸುತ್ತಾರಂತೆ, ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರಂತೆ ಎಂದು ಯಾರೋ ಹಿಂದೆ ಹೇಳಿದ್ದು ನೆನಪಾಗಿ ಭಯವಾಯಿತು. ಮರುದಿನ ಆಸ್ಪತ್ರೆಯಲ್ಲಿ ಒಂದೇ ಸ್ಲೈಡನ್ನು ಮತ್ತೆ ಮತ್ತೆ ನೋಡಿದೆ. ನನ್ನ ಕೆಲಸದಲ್ಲಿ ಸಮಾಧಾನಕ್ಕೆ ಜಾಗವಿಲ್ಲ. ಗಾಜಿನ ಮೇಲೆ ಏನಿದೆಯೋ ಅದನ್ನು ಬರೆಯಬೇಕು. ಮನೆಯಲ್ಲೂ ನಾನು ಹಾಗೇ ಎಂದು ಗಂಡ ದೂರುತ್ತಾರೆ, ಆ ದೂರಿನಲ್ಲಿ ಸುಳ್ಳೇನಿಲ್ಲ. ಆದರೆ ಆ ವಾರ ನೋಡಲು ನನ್ನ ಮುಂದೆ ಏನೂ ಇರಲಿಲ್ಲ. ಫೋನು ತಿರುಗಿಸಿ ಇಡುತ್ತಿದ್ದೆ, ಮತ್ತೆ ತಿರುಗಿಸಿ ನೋಡುತ್ತಿದ್ದೆ.

ಹುಡುಗಿಗೆ ಆ ಭಯ ಮುಟ್ಟಲೇ ಇಲ್ಲ. ಅಪ್ಪ ಪ್ಯಾಕ್ ಮಾಡ್ತಿರ್ತಾರೆ, ಅದಕ್ಕೇ ಬ್ಯುಸಿ ಎಂದಳು. ಉತ್ತರ ಆಸ್ಟಿನ್‌ನಲ್ಲಿ ಅಪಾರ್ಟ್‌ಮೆಂಟ್ ನೋಡುತ್ತಿದ್ದವಳು ಒಂದು ಬೆಡ್‌ರೂಮಿನದ್ದನ್ನು ಬಿಟ್ಟು ಎರಡರದ್ದಕ್ಕೆ ಸಹಿ ಹಾಕಿದಳು. ನೆಲಮಹಡಿಯೇ ಬೇಕೆಂದು ಹಟ ಹಿಡಿದಳು, ಅಪ್ಪನ ಮಂಡಿಗೆ ಮೆಟ್ಟಿಲು ಆಗುವುದಿಲ್ಲ. ವಿಡಿಯೋದಲ್ಲಿ ಎರಡನೆಯ ಕೋಣೆ ತೋರಿಸುತ್ತ, ಇಲ್ಲಿ ಮಂಚ, ಇಲ್ಲಿ ದೇವರ ಶೆಲ್ಫ್, ಇಲ್ಲಿ ಅಪ್ಪನ ಡೆಸ್ಕ್ ಎಂದು ಬರಿಗೋಡೆಗೆ ಕೈ ತೋರಿಸಿದಳು. ಯಾವ ಡೆಸ್ಕ್ ಎಂದು ಕೇಳಿದೆ.

"ಕೇಟಿ ಅಂಕಲ್ ಗರಾಜಲ್ಲಿ ಇದೆಯಲ್ಲ ಅತ್ತೆ, ಅಪ್ಪಂದು, ಮರದ್ದು. ನೀವು ತಂದುಕೊಡ್ತೀರಾ? ನಿಮ್ಮ ಕಾರಲ್ಲಿ ಹಿಡಿಸುತ್ತೆ. ಪ್ಲೀಸ್?"

ಸುಮ್ಮನೆ ಮನೆಯಲ್ಲಿ ಕೂತು ಫೋನು ತಿರುಗಿಸುವುದಕ್ಕಿಂತ ಕಾರು ಓಡಿಸುವುದೇ ವಾಸಿ ಎನಿಸಿತು. ವಾರದ ನಡುವೆ ಎರಡನೆಯ ಆಜ್ಞೆ ಬಂತು. ನೀರಿನ ಖಾತೆಗೆ ಹೊಸ ಮಂತ್ರಿ, ರಾಜನ ಅಳಿಯನೋ ಏನೋ, ಚಿಕ್ಕ ವಯಸ್ಸಿನವನು. ತಮ್ಮನಿಂದ ಮಾತಿಲ್ಲ. ಶುಕ್ರವಾರ ಕೆಲಸ ಮುಗಿಸಿ ಐ-ಫಾರ್ಟಿಫೈವ್ ಹೆದ್ದಾರಿ ಹಿಡಿದು ದಕ್ಷಿಣಕ್ಕೆ, ಕೇಟಿಗೆ ಹೊರಟೆ.

ಕೇಟಿ ಅಂಕಲ್ ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರು, ಧಾರವಾಡದ ಕಡೆಯವರು. ಅಮೆರಿಕಕ್ಕೆ ಬರುವ ಮುಂಚೆ ಕರ್ನಾಟಕದ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಹ್ಯೂಸ್ಟನ್‌ನಲ್ಲಿ ತಮ್ಮನಿಗೆ ಕೆಲಸ ಹಿಡಿಸಿಕೊಟ್ಟಿದ್ದೂ ಅವರೇ, ಅವನು ಹೋಗುವಾಗ ಸಾಮಾನು ಇಟ್ಟುಕೊಂಡಿದ್ದೂ ಅವರೇ. ನಮ್ಮ ಸಮಾರಂಭಗಳಲ್ಲಿ ಯಾರಿಗೇ ಸನ್ಮಾನವಾಗಲಿ, ಶಾಲು ಹೊದಿಸಿ ಮೈಸೂರು ಪೇಟ ಇಡುವ ಕೈ ಅವರದ್ದು. ಅಂದು ನಾನು ತಲುಪುವ ಹೊತ್ತಿಗೆ ಮಲಗಿಬಿಟ್ಟಿದ್ದರು.

ಬೆಳಿಗ್ಗೆ ಗರಾಜಿನ ಬಾಗಿಲು ಎತ್ತಿದಾಗಲೇ ಹ್ಯೂಸ್ಟನ್‌ನ ಹಬೆ ಮುಖಕ್ಕೆ ಹೊಡೆಯಿತು. ಅಂಕಲ್ ಬನಿಯನ್ನಿನಲ್ಲಿ ನೆಲಕ್ಕೆ ಕೂತು ಮೇಜಿನ ಕಾಲುಗಳನ್ನು ಬಿಚ್ಚಿ ಸ್ಕ್ರೂಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದರು. ಆಂಟಿ ಒಳಗೆ ಮಂಡಕ್ಕಿ ಗಿರ್ಮಿಟ್ ಕಲಸುತ್ತಿದ್ದರು, ಹಸಿಮೆಣಸಿನಕಾಯಿ ಘಮ ಬರುತ್ತಿತ್ತು. ಮೇಜಿನ ಹಲಗೆಯನ್ನು ಇಬ್ಬರೂ ಎತ್ತಿ ಕಾರಿಗೆ ಏರಿಸಿ ಹಿಂದಿನ ಬಾಗಿಲು ಮುಚ್ಚಿದೆವು. ಅಂಕಲ್ ಬೆವರು ಒರೆಸಿಕೊಂಡು ಹೇಳಿದರು:

"ಅಂತೂ ಎಲ್ಲಾ ಛಲೋ ಆತು ನೋಡವಾ. ಅವನ ಖುರ್ಚಿ ಗಟ್ಟಿ ಆತು."

"ಯಾರ ಕುರ್ಚಿ ಅಂಕಲ್?"

"ನಿನ್ನ ತಮ್ಮಂದ. ನಿನಗ ಹೇಳಿಲ್ಲೇನು? ಭಾರಿ ಮುಚ್ಚುಮರಿ ಮನಶ್ಯಾ ಅಂವ." ಅವರಿಗೆ ಹೇಳುವ ಸಂಭ್ರಮ ತಡೆಯದಾಗಿತ್ತು. "ಮಂತ್ರಿ ಹೋದ ದಿನಾನ ನನಗ ಫೋನ್ ಮಾಡಿದ್ದ. ಅಂಕಲ್, ನನ್ನ ಗತಿ ಏನು ಅಂದ. ನಾ ಅಂದೆ, ಲೇ ತಮ್ಮಾ, ಮನ್ಯಾಗ ಕುಂಡ್ರಬ್ಯಾಡ. ನಮ್ಮ ಇಲಾಖೆಯೊಳಗ ನಾ ಎಷ್ಟ್ ಮಂತ್ರಿಗಳ್ನ ಕಂಡೀನಿ. ಹೊಸಾ ಮಂತ್ರಿ ಹೆಸರು ಬಂದ ಕೂಡ್ಲೆ ಶಾಲು ತಗೊಂಡು ಎಲ್ಲಾರ್ಕಿಂತ ಮೊದಲ ಹೋಗಿ ನಿಂದ್ರು. ಮೊದಲ ಕಂಡ ಮಾರಿ ಅವರಿಗೆ ಮರ್ಯೂದಿಲ್ಲ."

"ಹೋದನಾ?"

"ಹೋಗದ ಏನ್ ಮಾಡ್ತಾನ? ಅಲ್ಲೆ ಹೊಸಾ ಮಂತ್ರಿ ದಿನಾ ಸಂಜಿಗೆ ದರ್ಬಾರದಂಗ ಕುಂಡ್ರತಾನಂತ, ಮಂದಿ ಸಾಲಾಗಿ ಬಂದು ಶುಭಾಶಯ ಹೇಳತಾರಂತ. ಅಂವ ಎಲ್ಲಾ ಸಂಜಿನೂ ಹೋಗ್ಯಾನ. ನೋಡು, ಫೋಟೋ ಕಳಸ್ಯಾನ."

ಫೋನು ಕೊಟ್ಟರು. ದೊಡ್ಡ ಬಿಳಿಯ ಸಭಾಂಗಣ. ಗೋಡೆಯುದ್ದಕ್ಕೂ ಬಿಳಿ ನಿಲುವಂಗಿಯ ಗಂಡಸರು ಬರಿಗೈಯಲ್ಲಿ ನಿಂತಿದ್ದಾರೆ. ಮಧ್ಯದಲ್ಲಿ ಆ ಚಿಕ್ಕ ವಯಸ್ಸಿನ ಮಂತ್ರಿ. ಕೋಟು ಹಾಕಿದ ನನ್ನ ತಮ್ಮ ಬಾಗಿ ಅವನ ಹೆಗಲಿಗೆ ಜರಿ ಅಂಚಿನ ರೇಷ್ಮೆ ಶಾಲು ಹೊದಿಸುತ್ತಿದ್ದಾನೆ. ಮಂತ್ರಿ ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈ ಅರ್ಧ ಎತ್ತಿಕೊಂಡು ನಗುತ್ತಿದ್ದಾನೆ. ಅಷ್ಟು ಜನರಲ್ಲಿ ಶಾಲು ತಂದವನು ಇವನೊಬ್ಬನೇ. ಆ ಶಾಲು ನನಗೆ ಗೊತ್ತು, ಮೈಸೂರಿನಿಂದ ಅವನಿಗೆಂದು ನಾನೇ ತಂದುಕೊಟ್ಟಿದ್ದು.

"ಅಲ್ಲಿ ಮಂದಿಗೆ ನಗು ಬಂತಂತ, ಆದರ ಮಂತ್ರಿಗೆ ಭಾಳ ಸೇರ್ತಂತ," ಅಂಕಲ್ ಹೇಳುತ್ತಲೇ ಇದ್ದರು. "ಯಾರಪ್ಪಾ ನೀನು ಅಂತ ತಾನಾ ಕೇಳಿದನಂತ. ಇಂವ ತನ್ನ ಕೆಲಸ ಎಲ್ಲಾ ಹೇಳ್ಯಾನ. ನನ್ನ ಇಟಗೋರಿ, ನಾ ನಿಮಗ ಉಪಯೋಗ ಆಗ್ತೀನಿ ಅಂತ ಹೇಳ್ಯಾನ. ನಿನ್ನೆ ಹೊಸಾ ಕರಾರು ಕೊಟ್ರು. ಮೊದಲಿನಕಿಂತ ದೊಡ್ಡ ಹುದ್ದೆ."

ಗಿರ್ಮಿಟ್ ಬಟ್ಟಲು ನನ್ನ ಕೈಗೆ ಬಂತು. ಒಂದು ತುತ್ತು ತಿಂದು ಕೆಳಗಿಟ್ಟೆ. ಅಂಕಲ್ ಮೇಲೆ ಸಿಟ್ಟು ಬಂದು ಹಾಗೇ ಇಳಿದುಹೋಯಿತು. ಅವರಿಗೆ ಆ ಊಟದ ಮೇಜಿನ ಮಾತು ಗೊತ್ತಿರಲಿಲ್ಲ. ತಮ್ಮ ಕಣ್ಣಿಗೆ ಇನ್ನೂ ಹುಡುಗನಾಗಿದ್ದವನ ಕೆಲಸ ಉಳಿಸಿದ್ದರು, ಅಷ್ಟೇ. ಸಿಟ್ಟು ಯಾರ ಮೇಲೆ ಬರಬೇಕಿತ್ತೋ ಅವನು ಸಮುದ್ರದಾಚೆ ಇದ್ದ. ಹೊರಟೆ.

ಐ-ಟೆನ್‌ನಲ್ಲಿ ಪಶ್ಚಿಮಕ್ಕೆ ಹೋಗಿ ಕೊಲಂಬಸ್ ಬಳಿ ಎಡವಟ್ಟು ಮಾಡಿಕೊಂಡು ತಿರುವು ತಪ್ಪಿಸಿದೆ. ಮತ್ತೆ ಹಿಂದೆ ಬಂದು ಆಸ್ಟಿನ್‌ಗೆ ಹೋಗುವ ಸೆವೆಂಟಿ-ಒನ್ ಹೆದ್ದಾರಿ ಹಿಡಿದೆ. ಹಿಂದೆ ಮೇಜಿನ ಹಲಗೆ ಪ್ರತಿ ಉಬ್ಬಿಗೂ ಗುದ್ದಿಕೊಳ್ಳುತ್ತಿತ್ತು. ಏರ್‌ಕಂಡೀಷನರ್ ಹೆಚ್ಚಿಸಿದೆ, ಕಡಿಮೆ ಮಾಡಿದೆ. ರೇಡಿಯೋ ಹಾಕಿ ಆರಿಸಿದೆ. ಕೊನೆಗೆ ಲಾ ಗ್ರೇಂಜ್ ದಾಟಿದ ಮೇಲೆ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ತಮ್ಮನಿಗೆ ಫೋನು ಮಾಡಿದೆ. ಈ ಸಲ ಎತ್ತಿದ.

"ಅಕ್ಕ, ನಾನೇ ಮಾಡೋಣ ಅಂತಿದ್ದೆ…"

"ಶಾಲು ಚೆನ್ನಾಗಿ ಹೊದಿಸಿದೀಯ" ಎಂದೆ.

"ಅಂಕಲ್ ತೋರಿಸಿದ್ರಾ" ಎಂದ.

"ಆ ಮಂತ್ರಿ ಹೋದ ದಿನ ನಾನೂ ಹೊರಟೆ ಅಂದಿದ್ದು ಯಾರೋ? ಆ ಹುಡುಗಿ ಎಷ್ಟು ವರ್ಷದಿಂದ ಆ ಮನುಷ್ಯನ ಮುಖ ನೋಡ್ಕೊಂಡು ಕೂತಿದಾಳೆ ಗೊತ್ತಾ ನಿಂಗೆ? ಅವಳು ಮನೆ ಹಿಡಿದಾಳೆ ಕಣೋ. ನಿನಗೆ ಅಂತ ರೂಮ್ ಇಟ್ಟಿದಾಳೆ. ನಿನ್ನ ಮೇಜು ನನ್ನ ಕಾರಲ್ಲಿದೆ!"

ಪಕ್ಕದ ಪಂಪಿನಲ್ಲಿ ಪಿಕಪ್ ಟ್ರಕ್ಕಿಗೆ ಗ್ಯಾಸ್ ಹಾಕುತ್ತಿದ್ದವನು ತಿರುಗಿ ನೋಡಿದ. ಗಾಜು ಏರಿಸಿಕೊಂಡೆ.

"ಅಲ್ಲಿ ಬಂದು ನಾನು ಏನ್ ಮಾಡ್ಲಿ ಅಕ್ಕ?" ತಮ್ಮನ ದನಿ ಸಣ್ಣಗಿತ್ತು. "ಅವಳು ಬೆಳಿಗ್ಗೆ ಕೆಲಸಕ್ಕೆ ಹೋಗ್ತಾಳೆ. ನಾನು? ಬ್ಯಾಲ್ಕನೀಲಿ ಕೂತು ಪಾರ್ಕಿಂಗ್ ಲಾಟ್ ನೋಡ್ಲಾ? ಆ ಅಂಕಲ್‌ಗಳ ಜೊತೆ ವಾಕಿಂಗ್ ಹೋಗ್ಲಾ? ಇಲ್ಲಿ ನಾನು ಹೇಳಿದ್ರೆ ಪಂಪ್ ನಿಲ್ಲುತ್ತೆ, ಹೇಳಿದ್ರೆ ಶುರುವಾಗುತ್ತೆ. ಊರೂರಿಗೆ ನೀರು ಹೋಗುತ್ತೆ. ಮಂತ್ರಿ ಹೋದ್ರು ಅಂತ ಆ ದಿನ ಎಲ್ಲರೂ ನನ್ನ ನೋಡೋ ರೀತಿನೇ ಬದಲಾಯ್ತು. ಕಾಫಿ ತರೋನು ಕೂಡ ನನ್ನ ಮೇಜಿಗೆ ಬರಲಿಲ್ಲ. ಭಯ ಆಯ್ತು ಅಕ್ಕ. ನಿಜ ಹೇಳ್ಬೇಕು ಅಂದ್ರೆ ಭಯ ಆಯ್ತು."

ಬೈಯಲು ಎಷ್ಟು ಮಾತು ಜೋಡಿಸಿಕೊಂಡಿದ್ದೆನೋ ಅದರಲ್ಲಿ ಅರ್ಧ ನಾಲಿಗೆಯಲ್ಲೇ ಉಳಿಯಿತು. ಅವನು ಹೇಳಿದ್ದು ಸುಳ್ಳಲ್ಲ. ಕಾಪೆಲ್‌ನ ಪಾರ್ಕುಗಳಲ್ಲಿ ಸಂಜೆ ಕೈ ಹಿಂದೆ ಕಟ್ಟಿಕೊಂಡು ಸುತ್ತುವ ಗಂಡಸರನ್ನು ನಾನು ಕಂಡಿದ್ದೇನೆ. ಆದರೂ ಸಿಟ್ಟು ಹೋಗಲಿಲ್ಲ.

"ಅವಳಿಗೆ ಇದನ್ನ ಹೇಳು. ಭಯ ಆಯ್ತು ಅಂತಲೇ ಹೇಳು. ಅವಳಿಗೆ ಅರ್ಥ ಆಗುತ್ತೆ."

"ಈಗ ತಾನೇ ಫೋನ್ ಮಾಡಿದ್ದೆ. ರಾಜನ ಆರ್ಡರ್ ಆಗಿದೆ, ನನ್ನ ಬಿಡ್ತಿಲ್ಲ, ನನ್ನ ಕೈಲಿ ಏನೂ ಇಲ್ಲ ಅಂದೆ. ನೀನೂ ಹಾಗೇ ಹೇಳು ಅಕ್ಕ. ದಮ್ಮಯ್ಯ."

ಫೋನು ಕಟ್ ಮಾಡಿದೆ. ಅಲ್ಲಿಂದ ಆಸ್ಟಿನ್‌ವರೆಗೂ ನಾನು ಹೇಳಬೇಕಾದ್ದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಓಡಿಸಿದೆ. ಯಾವ ರಾಜನೂ ನಿನ್ನ ಅಪ್ಪನನ್ನು ಹಿಡಿದುಕೊಂಡಿಲ್ಲ. ರಾಜ ಅವನನ್ನು ಬಿಟ್ಟಿದ್ದ, ಇವನೇ ಹೋಗಿ ಸಾಲಿನಲ್ಲಿ ನಿಂತ. ನೀನು ಕಾಯುವುದು ಬಿಡು, ನಿನ್ನ ಜೀವನ ನೋಡಿಕೋ. ಮೂರೇ ವಾಕ್ಯ. ದಿನಾ ನಾನು ಇದಕ್ಕಿಂತ ಕಠಿಣವಾದ್ದನ್ನು ಬರೆದು ಸಹಿ ಹಾಕುತ್ತೇನೆ. ಬ್ಯಾಸ್ಟ್ರಾಪ್‌ನ ಪೈನ್ ಮರಗಳು ಬಂದು ಹೋದದ್ದು ತಿಳಿಯಲಿಲ್ಲ.

ಅಪಾರ್ಟ್‌ಮೆಂಟಿನ ಮುಂದೆ ಹುಡುಗಿ ಬರಿಗಾಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು, ಮುಖ ತೊಳೆದುಕೊಂಡಿದ್ದಳು. ನನ್ನನ್ನು ತಬ್ಬಿಕೊಂಡು ಬಿಟ್ಟು, ಡಿಕ್ಕಿ ತೆರೆಯಿರಿ ಎಂದಳು. ಹಲಗೆಯನ್ನು ಒಳಗೆ ತಂದೆವು. ಎರಡನೆಯ ಕೋಣೆಯಲ್ಲಿ ಮಂಚ ಆಗಲೇ ಬಂದಿತ್ತು, ಅದಕ್ಕೆ ಹಾಸಿಗೆ ಹಾಸಿ ಎರಡು ದಿಂಬು ಇಟ್ಟಿದ್ದಳು. ದೇವರ ಶೆಲ್ಫಿನಲ್ಲಿ ಅವಳ ಅಮ್ಮನ ಫೋಟೋ. ನೆಲದಲ್ಲಿ ಕೂತು ಮೇಜನ್ನು ತಲೆಕೆಳಗು ಮಾಡಿದೆವು. ಅವಳು ಕಾಲು ಹಿಡಿದಳು, ನಾನು ಸ್ಕ್ರೂ ತಿರುಗಿಸತೊಡಗಿದೆ.

"ಅಪ್ಪ ಫೋನ್ ಮಾಡಿದ್ರು ಅತ್ತೆ."

"ಹೂಂ."

"ಕಿಂಗ್ ಬಿಡ್ತಿಲ್ವಂತೆ. ನ್ಯೂ ಮಿನಿಸ್ಟರ್‌ಗೆ ಅಪ್ಪ ಬೇಕೇ ಬೇಕಂತೆ." ಮೂಗು ಒರೆಸಿಕೊಂಡಳು. "ಅಪ್ಪ ಎಷ್ಟು ಸ್ಯಾಡ್ ಆಗಿದ್ರು ಗೊತ್ತಾ? ಬರಕ್ಕೆ ಅವ್ರು ರೆಡಿ ಇದ್ರು. ಪಾಪ, ಕಿಂಗ್ ಹೇಳಿದ್ಮೇಲೆ ಏನ್ ಮಾಡಕ್ಕಾಗುತ್ತೆ? ಹೀ ಹ್ಯಾಡ್ ನೋ ಚಾಯ್ಸ್."

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಮೊದಲ ವಾಕ್ಯ ಬಾಯಿಗೆ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎಂದೂ ಸುಳ್ಳು ಹೇಳುವುದಿಲ್ಲ ಎಂದು ಅವಳಿಗೆ ಗೊತ್ತು. ಎಂಟನೆಯ ಕ್ಲಾಸಿನಲ್ಲಿ, ಅಮ್ಮನಿಗೆ ಕೊನೆಯಲ್ಲಿ ನೋವಾಯಿತಾ ಎಂದು ಕೇಳಿದಾಗಲೂ ಆಯಿತು ಎಂದೇ ಹೇಳಿದ್ದವಳು ನಾನು.

"ಅಲ್ವಾ ಅತ್ತೆ?" ಎಂದಳು.

"ಹೌದು ಕಣೇ. ರಾಜನ ಮಾತು" ಎಂದೆ.

ಅವಳ ಭುಜ ಸಡಿಲವಾಯಿತು. ಇನ್ನೊಂದು ಕಾಲು ಎತ್ತಿ ಹಿಡಿದಳು. ನಾನು ತಿರುಗಿಸಿದ ಸ್ಕ್ರೂ ಜಾಗಕ್ಕೆ ಕೂರಲಿಲ್ಲ, ಅವಳೇ ತೆಗೆದುಕೊಂಡು ತಿರುಗಿಸಿದಳು. ಎಲ್ಲ ಕಾಲು ಕೂತ ಮೇಲೆ ಮೇಜನ್ನು ನಿಲ್ಲಿಸಿ ಅಲುಗಾಡಿಸಿ ನೋಡಿದೆವು. ಗಟ್ಟಿಯಾಗಿತ್ತು. ಇನ್ನು ಈ ಕೋಣೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡಬಹುದಲ್ಲ, ಸ್ನೇಹಿತೆ ಯಾರಾದರೂ ಇದ್ದರೆ ಎಂದು ಮೆಲ್ಲಗೆ ಕೇಳಿದೆ. ತಲೆ ಅಲ್ಲಾಡಿಸಿದಳು.

"ಈ ಮಿನಿಸ್ಟರೂ ಒಂದಿನ ಹೋಗ್ತಾರೆ ಅತ್ತೆ. ಅಲ್ಲಿ ಎಲ್ರೂ ಹೋಗ್ತಾರೆ, ನಾನು ನೋಡಿದೀನಲ್ಲ. ಆಗ ಅಪ್ಪನ್ನ ಯಾರು ಹಿಡ್ಕೋತಾರೆ?"

"ಯಾರೂ ಇಲ್ಲ" ಎಂದೆ.

ಮೇಜನ್ನು ಕಿಟಕಿಯ ಹತ್ತಿರ ಹಾಕೋಣ, ಅಪ್ಪನಿಗೆ ಬರೆಯುವಾಗ ಬೆಳಕು ಎಡಗಡೆಯಿಂದ ಬರಬೇಕು ಎಂದಳು. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ ಹಿಡಿದೆ.